ಆನೆಗಳ ಪಕ್ಷ



ಆನೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದಸರೆಯ ಅಂಬಾರಿ, ಇಲ್ಲವೆ ದಿಮ್ಮಿ ಎಳೆಯುವ ಸಾಕಾನೆ. ಕಾಕನಕೋಟೆಯಲ್ಲಿ ಖೆಡ್ಡಾ ಹೂಡಿ ಆನೆ ಹಿಡಿದ ನಾಡು ನಮ್ಮದು; 1971ರಲ್ಲಿ ನಡೆದುದು ಅಲ್ಲಿನ ಕಡೆಯ ಖೆಡ್ಡಾ. ಹಿಡಿತಕ್ಕೆ ಸಿಕ್ಕದ, ಉಪಯೋಗಕ್ಕೆ ಬಾರದ ಕಾಡಾನೆಯನ್ನು ಏತಕ್ಕಾಗಿ ಉಳಿಸಬೇಕು? ಈ ಪ್ರಶ್ನೆಯನ್ನೆತ್ತಿದ ಫ್ರೆಂಚ್ ಕಾದಂಬರಿಯೊಂದನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡುವೆವು.

ಹೆಸರನ್ನು ಕನ್ನಡಿಸಿದರೆ ‘ಸ್ವರ್ಗದ ಬೇರುಗಳು’ ಎಂದಾಗುವುದು. ಬರೆದವರು ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದಲ್ಲಿ ಸೇವೆ ಸಲ್ಲಿಸಿದ ರೊಮೇನ್ ಗ್ಯಾರಿ. 1956ರಲ್ಲಿ ಇದಕ್ಕೆ ಗೊಂಕೂರ್ ಬಹುಮಾನ ಸಂದಿತು. ಕಥೆ ನಡೆಯುವುದು ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಆಫ್ರಿಕದ ಚಾಡ್ ಸೀಮೆಯಲ್ಲಿ.

ಕಥಾನಾಯಕನಾದ ಮೊರೆಲ್, ಆನೆಬೇಟೆಯನ್ನು ನಿಷೇಧಿಸಬೇಕೆಂಬ ಮನವಿಪತ್ರವೊಂದನ್ನು ಹಿಡಿದು ಅಲೆಯುತ್ತಾನೆ. ರುಜು ಹಾಕುವವರು ಬೆರಳೆಣಿಕೆಯ ಮಂದಿ. ಕಡೆಗೆ ಆತ ಕೋವಿಯೊಡನೆ ಕಾಡು ಸೇರಿ ಬೇಟೆಗಾರರನ್ನೇ ಬೆನ್ನಟ್ಟುತ್ತಾನೆ. ಅಧಿಕಾರಿಗಳು ಇದರಲ್ಲಿ ರಾಜಕೀಯದ ವಾಸನೆ ಹಿಡಿಯುತ್ತಾರೆ; ದಂಗೆಯ ನಾಯಕನೊಬ್ಬ ಆತನ ಹೆಸರನ್ನು ತನ್ನ ಕಾರ್ಯಕ್ಕೆ ಬಳಸಿಕೊಳ್ಳಲೆಳಸುತ್ತಾನೆ. ಆನೆಗಳ ಹೊರತು ಆತನಿಗೆ ಬೇರೆ ಪಕ್ಷವಿಲ್ಲವೆಂದು ನಂಬುವವರೇ ವಿರಳ.

ಈ ಹಟದ ಮೂಲ ಜರ್ಮನರ ಸೆರೆಶಿಬಿರದಲ್ಲಿದೆ. ಅಲ್ಲಿ ಬಂದಿಗಳು ಕಣ್ಣು ಮುಚ್ಚಿ, ಯಾವ ಗೋಡೆಯೂ ತಡೆಯಲಾರದ ಆನೆಯ ಹಿಂಡು ಬಯಲಿನಲ್ಲಿ ಧಾವಿಸುವುದನ್ನು ನೆನೆದು ಜೀವ ಹಿಡಿದುಕೊಂಡಿದ್ದರು. ಸಿಮೆಂಟ್ ಮೂಟೆ ಹೊರುತ್ತಿದ್ದಾಗಲೂ, ಬೆನ್ನಡಿಯಾಗಿ ಬಿದ್ದು ಒದ್ದಾಡುವ ಜೀರುಂಡೆಗಳನ್ನು ಕಂಡರೆ ಮಂಡಿಯೂರಿ ಎತ್ತಿ ನಿಲ್ಲಿಸುತ್ತಿದ್ದರು. ತಮ್ಮನ್ನು ಉಳಿಸಿದ ಆನೆಗಳ ಋಣವನ್ನೇ ಮೊರೆಲ್ ತೀರಿಸಹೊರಟಿದ್ದಾನೆ.

ಹಸಿದವನಿಗೆ ಆನೆಯು ಮಾಂಸವೇ ಸರಿ. ಮೊದಲು ಹಸಿವು ನೀಗಬೇಕೆಂಬುದನ್ನು ಗ್ರಂಥ ಮರೆತಿಲ್ಲ. ಮೊರೆಲನ ಕೋವಿಯನ್ನು ನಾವು ಮೆಚ್ಚಲಾರೆವು. ಆದರೆ ಆತನ ಭಯ ಸುಳ್ಳಾಗಲಿಲ್ಲ. 1979ರಲ್ಲಿ ಆಫ್ರಿಕದಲ್ಲಿ ಸುಮಾರು 13 ಲಕ್ಷವೆಂದು ಅಂದಾಜಾಗಿದ್ದ ಆನೆಗಳು 1989ರ ವೇಳೆಗೆ ಸುಮಾರು 6 ಲಕ್ಷಕ್ಕಿಳಿದವು. ಕೊಂದುದು ಮುಖ್ಯವಾಗಿ ದಂತದ ಆಸೆ. ಆ ವರ್ಷದ ಅಕ್ಟೋಬರಿನಲ್ಲಿ ಲೌಸಾನ್ ನಗರದಲ್ಲಿ ಸೇರಿದ ರಾಷ್ಟ್ರಗಳು ಆಫ್ರಿಕದ ದಂತದ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ನಿಶ್ಚಯಿಸಿದವು. ಮೊರೆಲನ ಮನವಿಗೆ ದೊರೆಯದ ರುಜುಗಳು ಮೂವತ್ತಮೂರು ವರ್ಷಗಳ ತರುವಾಯ ದೊರೆತಂತಾಯಿತು.

ಉಪಯೋಗವೊಂದನ್ನೇ ಅಳತೆಗೋಲಾಗಿಸಿದರೆ ಆ ಕೋಲು ಆನೆಯ ಬಳಿಯೇ ನಿಲ್ಲದು. ಮುದುಕರನ್ನೂ ಅಶಕ್ತರನ್ನೂ ಅಳೆಯತೊಡಗುವುದು. ಸೆರೆಶಿಬಿರಗಳನ್ನು ಕಟ್ಟಿದುದು ಆ ಕೋಲೇ. ಅಂಬಾರಿಯಿಲ್ಲದ ಆನೆಗೂ ಈ ಲೋಕದಲ್ಲಿ ಎಡೆಯಿರಲಿ. ಅದಕ್ಕೆ ಎಡೆಯಿರುವಲ್ಲಿ ನಮಗೂ ಇದ್ದೀತು.