ಯಾಕೋ ಮೊದಲಿನ ಹಾಗಿಲ್ಲ

ಹಳ್ಳಿಯ ಹಾಲಿನ ಡೇರಿಗೆ ಬೆಳಿಗ್ಗೆ ಹಾಲು ಹಾಕಲು ಬಂದವರು ಹಾಲು ಹಾಕಿದ ಕೂಡಲೇ ಮನೆಗೆ ಹೋಗುವುದಿಲ್ಲ. ಫ್ಯಾಟ್ ಎಷ್ಟು ಬಂತೆಂದು ಇಣುಕಿ ನೋಡಿ, ಖಾಲಿ ಕ್ಯಾನು ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತಾರೆ. ಮಳೆಯ ಮಾತು, ಹಿಂಡಿಯ ಬೆಲೆ, ಯಾರದೋ ಮನೆಯ ಮದುವೆ. ಹಾಗೆ ದಿನವೂ ಕೂರುತ್ತಿದ್ದ ಒಬ್ಬರು ಒಂದು ದಿನ ಹಾಲು ಹಾಕಿ ಸುಮ್ಮನೆ ಹೊರಟುಬಿಡುತ್ತಾರೆ. ಮುಂದಿನ ವಾರದಿಂದ ಕ್ಯಾನು ಮಗನ ಕೈಯಲ್ಲಿ ಬರುತ್ತದೆ. ಕೇಳಿದರೆ, 'ಅಪ್ಪಂಗೆ ಮೈ ಹುಷಾರಿಲ್ಲ' ಅನ್ನುತ್ತಾನೆ ಹುಡುಗ. ಆಸ್ಪತ್ರೆಗೆ ತೋರಿಸಿದ್ದಾರೆ. ಬಿ.ಪಿ. ಸರಿಯಿದೆ, ಶುಗರ್ ಸರಿಯಿದೆ. ಗ್ಯಾಸ್ಟ್ರಿಕ್ ಇರಬಹುದೆಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಹೆಂಡತಿ ಮಾತ್ರ ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಾರೆ: 'ಏನೋ ಗೊತ್ತಾಗ್ತಿಲ್ಲ ಅಕ್ಕ, ಇವರು ಯಾಕೋ ಮೊದಲಿನ ಹಾಗಿಲ್ಲ.'

ಆ ಹೆಣ್ಣುಮಗಳ ಮಾತನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ವೈದ್ಯರು ನೋಡುವುದು ಇವತ್ತು ಎದುರಿಗೆ ಕೂತ ಮನುಷ್ಯನನ್ನು. ಅವನು ಆರು ತಿಂಗಳ ಹಿಂದೆ ಹೇಗೆ ನಗುತ್ತಿದ್ದ, ಎಷ್ಟು ಮುದ್ದೆ ಉಣ್ಣುತ್ತಿದ್ದ, ದನದ ಮೈ ತೊಳೆಯುವಾಗ ಏನು ಗುನುಗುತ್ತಿದ್ದ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಮನಸ್ಸಿನ ಕಾಯಿಲೆಯನ್ನು ಗುರುತಿಸಲು ಬೇಕಾಗಿರುವುದು ಈ ಲೆಕ್ಕವೇ. ಪಕ್ಕದ ಮನೆಯವರ ಜೊತೆಗೋ, ಅವರ ಅಣ್ಣನ ಜೊತೆಗೋ ಹೋಲಿಸಿ ಪ್ರಯೋಜನವಿಲ್ಲ. ಅವರನ್ನು ಅವರ ಜೊತೆಗೇ ಹೋಲಿಸಿ ನೋಡಬೇಕು.

ನಮ್ಮ ಕಡೆ ಮನಸ್ಸಿನ ನೋವು ಬಹಳ ಸಲ ಮೈಯ ನೋವಾಗಿಯೇ ಬಾಯಿಗೆ ಬರುತ್ತದೆ. ತಲೆ ಭಾರ, ಎದೆ ಹಿಡಿದ ಹಾಗೆ, ಕೈಕಾಲು ಸೋತುಹೋದ ಹಾಗೆ, ಹೊಟ್ಟೆಯಲ್ಲಿ ಉರಿ. ಇವು ನೆಪಗಳಲ್ಲ, ಆ ನೋವು ನಿಜವಾದದ್ದೇ. ಮೊದಲು ಮೈಯನ್ನೇ ತಪಾಸಣೆ ಮಾಡಿಸಬೇಕು. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಮನುಷ್ಯ ಮಂಕಾಗುತ್ತಾನೆ. ಎಲ್ಲ ಪರೀಕ್ಷೆಯೂ ಸರಿಯಾಗಿದ್ದು ಸುಸ್ತು ಮಾತ್ರ ಹೋಗದಿದ್ದರೆ, 'ನಿಮಗೇನೂ ಇಲ್ಲ' ಎಂದು ಅಲ್ಲಿಗೆ ಬಿಡಬಾರದು.

ನಿದ್ರೆಯನ್ನು ಗಮನಿಸಿ. ಖಿನ್ನತೆ ಬಂದ ಎಷ್ಟೋ ಜನರಿಗೆ ರಾತ್ರಿ ನಿದ್ದೆ ಹತ್ತುತ್ತದೆ, ಆದರೆ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿಬಿಡುತ್ತದೆ. ಆಮೇಲೆ ಕಣ್ಣು ಮುಚ್ಚುವುದಿಲ್ಲ. ಕತ್ತಲಲ್ಲಿ ಎದ್ದು ಕೂತಿರುತ್ತಾರೆ. ಬೆಳಗು ಅವರಿಗೆ ದಿನದ ಅತಿ ಭಾರದ ಹೊತ್ತು. ಸಂಜೆಯಾಗುತ್ತ ಒಂದಿಷ್ಟು ಹಗುರವಾಗುತ್ತದೆ. ಮನೆಯವರಿಗೆ ಕಾಣುವುದು ಬೇರೆಯೇ: ಕೆಲಸದ ಹೊತ್ತಿಗೆ ಹಾಸಿಗೆ ಬಿಡುವುದಿಲ್ಲ, ಸಂಜೆ ನಾಲ್ಕು ಮಾತಾಡುತ್ತಾರೆ, ಅಂದಮೇಲೆ ಇದು ಸೋಮಾರಿತನ. ಈ ತೀರ್ಪು ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ನೋಯಿಸಿದೆಯೋ! ಬೆಳಿಗ್ಗೆ ಏಳಲಾಗದ ಮನುಷ್ಯನಿಗೆ ಏಳಲಾಗದ್ದರ ನಾಚಿಕೆಯೂ ಇರುತ್ತದೆ. ಅದರ ಮೇಲೆ ಬೈಗುಳವೂ ಬಿದ್ದರೆ ಅವನು ಇನ್ನಷ್ಟು ಒಳಗೆ ಸರಿಯುತ್ತಾನೆ.

ಊಟ ಅರ್ಧಕ್ಕೇ ಬಿಡುವುದು, ಇಷ್ಟದ ಸಾರು ಮಾಡಿದರೂ ರುಚಿ ಸಿಗದಿರುವುದು, ಮೊಮ್ಮಗು ಬಂದರೂ ಮುಖ ಅರಳದಿರುವುದು, ಇವೂ ಸೂಚನೆಗಳೇ. ಗಂಡಸರಲ್ಲಿ ದುಃಖ ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ, ಇಲ್ಲವೇ ಕುಡಿತವಾಗಿ. ಕುಡಿತ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ಮುಂಚೆ ಕಳೆದ ನಿದ್ದೆಯಿಲ್ಲದ ರಾತ್ರಿಗಳು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಕಾಲೇಜಿನ ಹುಡುಗ ಗೆಳೆಯರನ್ನೆಲ್ಲ ಬಿಟ್ಟು ಕೋಣೆ ಸೇರಿ, ಯಾರೋ ತನ್ನ ವಿರುದ್ಧ ಮಾತಾಡುತ್ತಿದ್ದಾರೆ ಎಂದು ಅನುಮಾನಪಡತೊಡಗಿದರೆ ಅದನ್ನು ವಯಸ್ಸಿನ ಹಟವೆಂದು ತಳ್ಳಿಹಾಕಬೇಡಿ. ಹಿರಿಯರಲ್ಲಿ ಖಿನ್ನತೆ ಮರೆವಿನ ವೇಷದಲ್ಲಿಯೂ ಬರುವುದುಂಟು.

ಬಾಣಂತಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ವಾರ ಹತ್ತು ದಿನಗಳಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ, 'ನಾನು ಒಳ್ಳೆ ತಾಯಿಯಲ್ಲ' ಅನ್ನತೊಡಗಿದರೆ ಅದು ಖಿನ್ನತೆಯಿರಬಹುದು. ಇನ್ನು, ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದೆ ಸಂಬಂಧವಿಲ್ಲದ ಮಾತಾಡತೊಡಗಿದರೆ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಹೇಳಿದರೆ, ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಕಾಯಿಲೆ ಅದು. ದೃಷ್ಟಿ ತೆಗೆಯುತ್ತ, ಗಾಳಿ ಸೋಕಿದೆ ಎನ್ನುತ್ತ ದಿನ ಕಳೆಯುವ ಹಾಗಿಲ್ಲ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಚಿಕಿತ್ಸೆ ಸಿಕ್ಕರೆ ಇದು ಚೆನ್ನಾಗಿ ವಾಸಿಯಾಗುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡಿಕೊಳ್ಳುವ ಪ್ರತ್ಯೇಕ ವಿಭಾಗವೇ ಇದೆ.

ಎಲ್ಲ ದುಃಖವೂ ಕಾಯಿಲೆಯಲ್ಲ. ಮಗಳು ಗಂಡನ ಮನೆಗೆ ಹೋದಾಗ, ಬೆಳೆ ಕೈಕೊಟ್ಟಾಗ, ಹೆತ್ತವರು ತೀರಿಕೊಂಡಾಗ ಮನಸ್ಸು ಕುಸಿಯುವುದು ಸಹಜ. ಹೆಚ್ಚುಕಡಿಮೆ ಇಡೀ ದಿನ, ಪ್ರತಿದಿನ, ಎರಡು ವಾರಕ್ಕೂ ಮೀರಿ ಆ ಕುಸಿತ ಏಳದಿದ್ದರೆ, ದಿನದ ಕೆಲಸವನ್ನೂ ಮಾಡಲಾಗದಿದ್ದರೆ, ಆಗ ಯಾರಿಗಾದರೂ ತೋರಿಸಲೇಬೇಕು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹತ್ತು ವಯಸ್ಕರಲ್ಲಿ ಒಬ್ಬರಿಗಾದರೂ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಷ್ಟೂ ಜನರ ಮನೆಯಲ್ಲಿ 'ಯಾಕೋ ಮೊದಲಿನ ಹಾಗಿಲ್ಲ' ಎಂದು ಯಾರಾದರೂ ಅಂದುಕೊಂಡೇ ಇರುತ್ತಾರೆ.

ಕೇಳುವುದು ಹೇಗೆ? 'ಧೈರ್ಯ ತಗೋ', 'ನಿನಗೇನು ಕಡಿಮೆಯಾಗಿದೆ' ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೀವು ಕಂಡದ್ದನ್ನು ಹೇಳಿ. 'ಬೆಳಗಿನ ಜಾವ ಎದ್ದು ಕೂತಿರ್ತೀರಿ, ನಾನು ನೋಡ್ತಿದ್ದೀನಿ. ಊಟನೂ ಸರಿಯಾಗಿ ಮಾಡ್ತಿಲ್ಲ. ಏನಾಗ್ತಿದೆ ಹೇಳ್ರೀ.' ಸೊಪ್ಪು ಬಿಡಿಸುತ್ತಲೋ, ಹೊಲದ ಬದುವಿನ ಮೇಲೆ ನಡೆಯುತ್ತಲೋ ಕೇಳಬಹುದು. ಕೈಯಲ್ಲೊಂದು ಕೆಲಸವಿದ್ದರೆ ಮಾತು ಸಲೀಸು. ಮೊದಲ ಸಲ 'ಏನಿಲ್ಲ ಬಿಡು' ಅನ್ನುತ್ತಾರೆ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಅವರು ಹೇಳತೊಡಗಿದಾಗ ನಡುವೆ ಬುದ್ಧಿ ಹೇಳಬೇಡಿ.

'ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ' ಎಂಬ ಮಾತು ಬಂದರೆ, ಇದ್ದಕ್ಕಿದ್ದಂತೆ ಲೆಕ್ಕಪತ್ರವನ್ನೆಲ್ಲ ಹೆಂಡತಿಗೆ ವಿವರಿಸತೊಡಗಿದರೆ, ಇಷ್ಟದ ವಸ್ತುಗಳನ್ನು ಅವರಿವರಿಗೆ ಕೊಡತೊಡಗಿದರೆ ತಡಮಾಡಬೇಡಿ. ಬಹಳ ದಿನ ಒದ್ದಾಡಿದವರು ಕಾರಣವಿಲ್ಲದೆ ಒಮ್ಮೆಲೇ ಶಾಂತವಾದರೂ ಎಚ್ಚರ ಬೇಕು. 'ಜೀವ ಕಳಕೊಳ್ಳೋ ಯೋಚನೆ ಬರ್ತಿದೆಯಾ?' ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಭಯ. ಕೇಳಿದಾಗ ಎಷ್ಟೋ ಜನರಿಗೆ ಭಾರ ಇಳಿದಂತಾಗುತ್ತದೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಬೇರೆಯವರ ವಶಕ್ಕೆ ಕೊಟ್ಟು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧಿ ಕೊಡಬಹುದೆಂದು ತೋರಿಸಿತು. ಆಮೇಲೆ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇವತ್ತು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಕ್ಲಿನಿಕ್‌ಗಳು ಶುರುವಾದವು. ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ನೋಡುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಿ ಬನ್ನಿ, ಅದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ. ಆದರೆ ಅದೇ ವಾರ ವೈದ್ಯರನ್ನೂ ನೋಡಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ 'ಏನೂ ಆಗಲಿಲ್ಲ' ಎಂದೋ, ತಿಂಗಳಿಗೆ 'ಎಲ್ಲ ಸರಿಹೋಯಿತು' ಎಂದೋ ನೀವೇ ನಿಲ್ಲಿಸಬೇಡಿ.

ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮನಸ್ ಸಹಾಯವಾಣಿ ಇದು. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ನೋವಿನಲ್ಲಿರುವವರೇ ಫೋನ್ ಮಾಡಬೇಕೆಂದೇನಿಲ್ಲ. ಅವರಿಗಾಗಿ ನೀವು ಮಾಡಿದರೂ ಆಗುತ್ತದೆ.