ಭತ್ತ ಕೇಳುವ ಹಕ್ಕು ಯಾರದು? ವಯನಾಡಿನ ನಡುಗಾಲದ ಸರ್ಕಾರಗಳು



ಈ ಉಪನ್ಯಾಸಕ್ಕೆ ದತ್ತಿಯಿಟ್ಟ ಮನೆಯವರು ನನಗೆ ಕೊಟ್ಟ ವಿಷಯ ದೊಡ್ಡದು. ಲೋಕದ ಚರಿತ್ರೆಯಲ್ಲಿ ಅಲ್ಪ ಕಾಲ ಬಾಳಿದ ಸರ್ಕಾರಗಳ ಬಗ್ಗೆ ಮಾತಾಡಬೇಕು ಎಂದರು. ಪ್ಯಾರಿಸ್ಸಿನಿಂದ ಶುರು ಮಾಡಬಹುದಿತ್ತು, ಪೆಟ್ರೋಗ್ರಾಡಿನಿಂದ ಶುರು ಮಾಡಬಹುದಿತ್ತು. ಆದರೆ ನಾವು ಕೂತಿರುವ ಈ ನೆಲದಲ್ಲೇ ಒಂದು ಮನೆಯ ಅಂಗಳವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1802ರ ಅಕ್ಟೋಬರ್. ವಯನಾಡಿನ ಗದ್ದೆಗಳಲ್ಲಿ ಪೈರು ಇನ್ನೂ ನಿಂತಿರುವ ತಿಂಗಳು. ಕೊಯ್ಲಿಗೆ ಎರಡು ತಿಂಗಳಾದರೂ ಇದೆ. ಮನೆಯಲ್ಲಿ ಇರುವುದು ಹೋದ ವರ್ಷದ ಭತ್ತ, ಅದೂ ತಳ ಕಾಣುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಸೊಂಟಕ್ಕೆ ಸರ್ಕಾರಿ ಪಟ್ಟಿ ಬಿಗಿದ ಕಂಪನಿಯ ಜವಾನನೊಬ್ಬ ಇಲ್ಲಿನ ಬುಡಕಟ್ಟಿನವರಾದ ಕುರಿಚ್ಯರ ಮನೆಯೊಂದಕ್ಕೆ ಹೋಗಿ ಭತ್ತ ಕೊಡಿ ಎಂದ. ಆ ಮನೆಯಲ್ಲಿ ಅವತ್ತು ಎಡಚ್ಚೇನ ಕುಂಕನ್ ಇದ್ದ. ಪಳಶ್ಶಿ ರಾಜನ ಕಡೆಯ ನಾಯಕ. ಅವನು ಜವಾನನನ್ನು ಅಲ್ಲೇ ಕೊಂದ. ವಿಲಿಯಂ ಲೋಗನ್ ತನ್ನ ಮಲಬಾರ್ ಮ್ಯಾನ್ಯುಯಲ್‌ನಲ್ಲಿ ಇದನ್ನು ಹೇಳಿ ಮುಗಿಸುವುದು ಒಂದೆರಡು ಮಾತಿನಲ್ಲಿ. ನನಗೆ ಮಾತ್ರ ಈ ಪ್ರಸಂಗವನ್ನು ದಾಟಿ ಮುಂದೆ ಹೋಗುವುದಕ್ಕೆ ಆಗಿಲ್ಲ. ಭತ್ತ ಕೇಳಲು ಬಂದವನು ತಾನೇ ಸರ್ಕಾರ ಎಂದು ನಂಬಿದ್ದ. ಕೊಡಬೇಕಾದವರ ಮನೆಯಲ್ಲಿ ಬೇರೊಂದು ಸರ್ಕಾರ ಆಗಲೇ ಬಂದು ಕೂತಿತ್ತು.

ಒಂದು ಆಳ್ವಿಕೆ ಮುಗಿದು ಇನ್ನೊಂದು ನೆಲೆಯೂರುವ ಮುನ್ನಿನ ಕಾಲವನ್ನು ಪುಸ್ತಕಗಳು ಅರಾಜಕತೆ, ದಂಗೆ, ಗೊಂದಲ ಎಂದು ಕರೆದು ಮುಗಿಸುತ್ತವೆ. ನನ್ನ ಅಭಿಪ್ರಾಯ ಬೇರೆ. ಸ್ಥಿರವಾದ ಸರ್ಕಾರವಿದ್ದಾಗ ಒಕ್ಕಲು ಕಂದಾಯ ಕಟ್ಟುತ್ತಾನೆ, ಅಷ್ಟೇ; ಅವನ ಒಪ್ಪಿಗೆ ಯಾರಿಗೂ ಬೇಕಿಲ್ಲ. ನಡುಗಾಲದಲ್ಲಿ ಮಾತ್ರ ಅವನ ಮುಂದೆ ಇಬ್ಬರು ಕೈಯೊಡ್ಡುತ್ತಾರೆ, ಯಾರ ಕೈಗೆ ಭತ್ತ ಅಳೆಯಬೇಕು ಎಂದು ಅವನೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನಕ್ಕೆ ಅವನು ತೆರುವ ಬೆಲೆಯೂ ದೊಡ್ಡದೇ.

ವಯನಾಡಿನ ಈ ನಡುಗಾಲ 1802ರಲ್ಲಿ ಹುಟ್ಟಿದ್ದಲ್ಲ. ನಮ್ಮ ಹಳೆಯ ಶಾಸನಗಳು ಬಯಲ್ನಾಡು ಎಂದು ಕರೆದ ಸೀಮೆ ಇದು. ಹೊಯ್ಸಳ ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯಲ್ಲಿ ಬರುವ ಹೆಸರು. ಆಮೇಲೆ ಮಲಬಾರಿನ ಕೋಟ್ಟಯಂ ಅರಸರ ಕೈ ಸೇರಿತು, ಹೈದರನ ಕಾಲಕ್ಕೆ ಮೈಸೂರಿನ ಕೈಗೆ ಬಂತು. ಬತ್ತೇರಿಯ ಹೆಸರನ್ನೇ ನೋಡಿ. ಜೈನರಿಗೆ ಅದು ಹನ್ನೆರಡು ಬೀದಿ, ಆಮೇಲೆ ಗಣಪತಿವಟ್ಟಂ. ಟಿಪ್ಪುವಿನ ಸೈನ್ಯ ಅಲ್ಲಿನ ಕಲ್ಲು ಬಸದಿಯಲ್ಲಿ ಮದ್ದುಗುಂಡು ಇಟ್ಟಿತು. ಇಂಗ್ಲಿಷರು ಸುಲ್ತಾನನ ಬ್ಯಾಟರಿ ಎಂದರು. ಜನರ ಬಾಯಲ್ಲಿ ಸುಲ್ತಾನ್ ಬತ್ತೇರಿ ಆಯಿತು. ನೂರಾರು ವರ್ಷ ಪೂಜೆ ಕಂಡ ಬಸದಿ ಊರಿಗೆ ಹೆಸರಾಗಲಿಲ್ಲ. ಕೆಲವೇ ವರ್ಷ ಅದರೊಳಗಿದ್ದ ಮದ್ದಿನ ಉಗ್ರಾಣ ಹೆಸರಾಯಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟದ್ದರಲ್ಲಿ ವಯನಾಡು ಸೇರಿತ್ತೇ? ಸೇರಿದೆ ಎಂದರು ಕಂಪನಿಯವರು. ಇಲ್ಲ ಎಂದ ಟಿಪ್ಪು. ನನ್ನ ಮನೆತನದ್ದು ಎಂದ ಕೋಟ್ಟಯಂ ಕೇರಳವರ್ಮ, ನಾವು ಪಳಶ್ಶಿ ರಾಜ ಎನ್ನುವವನು. ಆರು ವರ್ಷ ವಾದ ನಡೆದು 1798ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್, ವಯನಾಡು ಟಿಪ್ಪುವಿನದೇ ಎಂದು ಒಪ್ಪಿಕೊಂಡ. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಆಮೇಲಿನ 57 ದಿನ ಮೈಸೂರಿಗೇ ಅರಸನಿರಲಿಲ್ಲ. ರಾಜ್ಯ ಯಾರಿಗೆ, ಎಷ್ಟು ಎಂದು ತೀರ್ಮಾನಿಸಿದ್ದು ಕಂಪನಿಯ ಕಮಿಷನರುಗಳು. ಆರ್ಥರ್ ವೆಲ್ಲೆಸ್ಲಿ ಅದರಲ್ಲಿದ್ದ, ಬ್ಯಾರಿ ಕ್ಲೋಸ್ ಇದ್ದ, ಮನ್ರೋ ಮತ್ತು ಮಾಲ್ಕಮ್ ಕಾರ್ಯದರ್ಶಿಗಳಾಗಿದ್ದರು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ಕೂರಿಸಿದರು, ಆಡಳಿತ ಪೂರ್ಣಯ್ಯನವರ ಕೈಗೆ ಬಂತು. ಎರಡು ತಿಂಗಳಿಗೂ ಕಡಿಮೆ ಬಾಳಿದ ಆ ಸಮಿತಿ ಎಳೆದ ಗೆರೆಗಳ ಮೇಲೆ ದಕ್ಷಿಣದ ಭೂಪಟ ಒಂದೂವರೆ ಶತಮಾನ ನಿಂತಿತು.

ಮೇಲೆ ಗೆರೆ ಎಳೆಯುತ್ತಿದ್ದಾಗ ಘಟ್ಟದ ಉದ್ದಕ್ಕೂ ಬೇರೆಯೇ ಆಳ್ವಿಕೆಗಳು ಎದ್ದವು. ಉಭಯ ಲೋಕಾಧೀಶ್ವರ ಎಂದು ಬಿರುದು ಹೊತ್ತ ಧೋಂಡಿಯಾ ವಾಘ್ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯಲ್ಲಿ ಬೀಳುವವರೆಗೆ ವೆಲ್ಲೆಸ್ಲಿಯನ್ನು ಓಡಾಡಿಸಿದ. ಬಲಂನ ಕೃಷ್ಣಪ್ಪ ನಾಯಕ ಸಕಲೇಶಪುರದ ಕಾಡಿನಲ್ಲಿ 1802ರ ಫೆಬ್ರವರಿವರೆಗೆ ನಿಂತ. ಮೂರನೆಯವನು ಪಳಶ್ಶಿ. ಮೂವರೂ ಬೇರೆ ಬೇರೆ ಭಾಷೆಯವರು. ಮೂವರನ್ನೂ ಕಂಪನಿಯ ಕಾಗದಗಳು ಒಂದೇ ಪದದಲ್ಲಿ, ಬಂಡುಕೋರರು ಎಂದು ಬರೆದವು.

ಈಗ ಪನಮರಂ. ಜವಾನ ಸತ್ತ ಕೆಲವೇ ದಿನಕ್ಕೆ, ಅಕ್ಟೋಬರ್ 11ರಂದು, ಕುಂಕನ್ ಮತ್ತು ಕುರಿಚ್ಯರ ಮುಂದಾಳು ತಲಕ್ಕಲ್ ಚಂದು ಸುಮಾರು 150 ಮಂದಿ ಕುರಿಚ್ಯರೊಂದಿಗೆ ಪನಮರಂ ಠಾಣ್ಯದ ಮೇಲೆ ಬಿದ್ದರು. ಬಿಲ್ಲು ಬಾಣದವರು ಕುರಿಚ್ಯರು. ಒಳಗಿದ್ದದ್ದು ಬೊಂಬಾಯಿ ದಳದ ಸುಮಾರು 70 ಸಿಪಾಯಿಗಳು; ಅವರ ಮೇಲೆ ಕ್ಯಾಪ್ಟನ್ ಡಿಕನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್. ಇಬ್ಬರೂ ಸತ್ತರು. ಗೆದ್ದವರ ಕೈಗೆ 112 ಬಂದೂಕು, 6 ಪೆಟ್ಟಿಗೆ ಮದ್ದುಗುಂಡು, 6000 ರೂಪಾಯಿ ಸಿಕ್ಕಿತು. ಕೆಲವೇ ಮೈಲಿ ದೂರದ ಪುಳಿಂಜಾಲಿನಲ್ಲಿ ಮೇಜರ್ ಡ್ರಮಂಡ್ 360 ಜನರೊಂದಿಗೆ ಇದ್ದ, ಅಲುಗಾಡಲಿಲ್ಲ. ಕುಂಕನ್ ಪುಲ್ಪಳ್ಳಿ ದೇವಸ್ಥಾನಕ್ಕೆ ಹೋಗಿ ಅಲ್ಲಿಂದ ನಾಡಿಗೆ ಕರೆ ಕಳಿಸಿದ. ಸುಮಾರು 3000 ಜನ ಕೂಡಿದರು. ಕೊಟ್ಟಿಯೂರು, ಪೇರಿಯ ಘಟ್ಟದ ದಾರಿಗಳು ಕಂಪನಿಯ ಕೈ ತಪ್ಪಿದವು.

ಇದನ್ನು ಸರ್ಕಾರ ಎನ್ನಬಹುದೇ ಎಂದು ನೀವು ಕೇಳಬಹುದು. ಕಚೇರಿ ಇರಲಿಲ್ಲ, ನಾಣ್ಯ ಇರಲಿಲ್ಲ. ಆದರೆ ದೇವಸ್ಥಾನದಿಂದ ಹೊರಟ ಕರೆಗೆ ಜನ ಬಂದರು, ಭತ್ತ ಬಂತು, ದಾರಿ ಕಾಯುವವರಿದ್ದರು. ಮೂರು ವರ್ಷ, ಊರೂರಿಗೆ ಏರಿಳಿಯುತ್ತ, ವಯನಾಡಿನ ಕಾಡಂಚಿನಲ್ಲಿ ಇದು ನಡೆಯಿತು. ಇತ್ತ 1803ರ ಡಿಸೆಂಬರ್ 29ರಂದು ಮೈಸೂರಿಗೂ ಕಂಪನಿಗೂ ಪೂರಕ ಒಪ್ಪಂದವಾಯಿತು. ಹರಿಹರ, ಹೊಳಲ್ಕೆರೆ, ಮಾಯಕೊಂಡ ಮೈಸೂರಿಗೆ ಬಂದವು. ವಯನಾಡು ಕಂಪನಿಗೆ ಎಂದು ಬರೆದುಕೊಂಡರು. ಪನಮರಂ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಹರಿಹರದ ಒಕ್ಕಲಿಗಾಗಲಿ, ಪುಲ್ಪಳ್ಳಿಯ ಒಕ್ಕಲಿಗಾಗಲಿ ತಮ್ಮನ್ನು ಅದಲು ಬದಲು ಮಾಡುವಾಗ ಯಾರೂ ಒಂದು ಮಾತು ಕೇಳಲಿಲ್ಲ.

ಭತ್ತದ ಈ ಮಾತು ವಯನಾಡಿಗೆ ಮಾತ್ರ ಸೇರಿದ್ದಲ್ಲ. ಕೊಡಗನ್ನು 1834ರಲ್ಲಿ ತೆಗೆದುಕೊಂಡ ಕಂಪನಿ, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೇಳಿತು. ಕೊಡಗಿಗೆ ಸೇರಿದ್ದ ಸುಳ್ಯದ ಕಡೆಯ ರೈತರಿಗೆ ರೊಕ್ಕ ಎಲ್ಲಿಂದ ಬರಬೇಕು? ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಕೊಡಗಿನ ಅರಸು ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರು ಹೇಳಿ ಹೊರಟ ರೈತರ ದಂಡು 1837ರ ಏಪ್ರಿಲ್ 5ರಂದು ಮಂಗಳೂರಿನಲ್ಲಿ ಬಾವುಟ ಏರಿಸಿತು. ಹದಿಮೂರು ದಿನದ ಆಳ್ವಿಕೆ ಅದು. ಪ್ಯಾರಿಸ್ ಕಮ್ಯೂನ್ 1871ರಲ್ಲಿ ಬಾಳಿದ್ದು 72 ದಿನ. ಅಷ್ಟರಲ್ಲಿ ಬ್ರೆಡ್ಡು ಸುಡುವ ಕೆಲಸದವರಿಗೆ ರಾತ್ರಿ ಪಾಳಿಯಿಂದ ಬಿಡುಗಡೆ ಕೊಟ್ಟಿತು. ರಷ್ಯದಲ್ಲಿ 1917ರ ಮಾರ್ಚಿನಲ್ಲಿ ತ್ಸಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರ ಎಂಟು ತಿಂಗಳು ಇತ್ತು. ಜಮೀನಿನ ಪ್ರಶ್ನೆಯನ್ನು ಸಂವಿಧಾನ ಸಭೆ ಬಂದ ಮೇಲೆ ನೋಡೋಣ ಎಂದು ಮುಂದೂಡಿತು. ಹಳ್ಳಿಯವರು ಅಲ್ಲಿಯವರೆಗೆ ಕಾಯದೆ ಜಮೀನುದಾರರ ಹೊಲಕ್ಕೆ ನೇಗಿಲು ಇಳಿಸಿದರು. ತಾತ್ಕಾಲಿಕ ಎಂಬ ಹೆಸರು ಹೊತ್ತವರು ಹಸಿವಿನ ವಿಷಯದಲ್ಲಿ ನಾಳೆ ಎಂದರೆ ಅವರ ಕಾಲ ಅಲ್ಲಿಗೆ ಮುಗಿಯಿತು ಎಂದೇ ನಾನು ಓದಿಕೊಂಡಿದ್ದೇನೆ.

ನಮ್ಮ ಕಾಲಕ್ಕೆ ಹತ್ತಿರದ ಒಂದು ನಡುಗಾಲವನ್ನೂ ಹೇಳಬೇಕು, ಈ ಸಭೆಯ ಹಿರಿಯರಲ್ಲಿ ಕೆಲವರು ಅದನ್ನು ಮಕ್ಕಳಾಗಿ ಕಂಡಿರಬಹುದು. 1956ರ ಅಕ್ಟೋಬರ್ 31ರ ರಾತ್ರಿ ಮಲಗುವಾಗ ವಯನಾಡು ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. ಬೆಳಗ್ಗೆ ಏಳುವಾಗ ಕೇರಳದಲ್ಲಿತ್ತು. ಅದೇ ಬೆಳಗ್ಗೆ ಕಾಸರಗೋಡೂ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಬಂತು, ಬಾವಲಿ ಹೊಳೆಯಾಚೆಯ ಹೆಗ್ಗಡದೇವನಕೋಟೆ ಹೊಸ ಮೈಸೂರು ರಾಜ್ಯದಲ್ಲಿ ಉಳಿಯಿತು. ಜೇನುಕುರುಬರ ನಂಟು ಹೊಳೆಯ ಎರಡೂ ಕಡೆಗಿತ್ತು. ಈಚೆ ಕಾಟ್ಟುನಾಯ್ಕರೆಂದೂ ಆಚೆ ಜೇನುಕುರುಬರೆಂದೂ ಎರಡು ರಾಜ್ಯದ ಪಟ್ಟಿಗೆ ಸೇರಿದರು.

ಆ ಬೆಳಗ್ಗೆ ಕೇರಳಕ್ಕೆ ಶಾಸನಸಭೆಯೇ ಇರಲಿಲ್ಲ. ತಿರುವಾಂಕೂರು–ಕೊಚ್ಚಿಯಲ್ಲಿ 1956ರ ಮಾರ್ಚ್ 23ರಿಂದಲೇ ರಾಷ್ಟ್ರಪತಿ ಆಳ್ವಿಕೆ ಇತ್ತು, ಹೊಸ ರಾಜ್ಯ ಹುಟ್ಟಿದ್ದೂ ಅದರ ಅಡಿಯಲ್ಲೇ. 1957ರ ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಬರುವವರೆಗೆ ಐದು ತಿಂಗಳು ಅಧಿಕಾರಿಗಳದೇ ಸರ್ಕಾರ. ಆ ಐದು ತಿಂಗಳಲ್ಲಿ ಏನೂ ನಡೆಯಲಿಲ್ಲವೆಂದು ತಿಳಿಯಬೇಡಿ. 1957ರ ಜನವರಿ 1ರಂದು ಮಲಬಾರನ್ನು ಕಣ್ಣೂರು, ಕಲ್ಲಿಕೋಟೆ, ಪಾಲಕ್ಕಾಡು ಎಂದು ಮೂರು ಜಿಲ್ಲೆಯಾಗಿ ಒಡೆದರು. ವಯನಾಡು ಮೊದಲು ಕಣ್ಣೂರಿಗೆ ಸೇರಿತು, ಆಮೇಲೆ ಅದೂ ಒಡೆಯಿತು: ಮಾನಂದವಾಡಿಯ ಕಡೆ ಕಣ್ಣೂರಿನಲ್ಲೇ ಉಳಿಯಿತು, ವೈತ್ತಿರಿ–ಬತ್ತೇರಿಯ ಕಡೆ ಕಲ್ಲಿಕೋಟೆಗೆ ಹೋಯಿತು. ಘಟ್ಟದ ಮೇಲಿನ ಒಂದೇ ನಾಡಿನವರು ಕಾಗದ ಹಿಡಿದು ಘಟ್ಟ ಇಳಿಯುವುದು ಎರಡು ದಿಕ್ಕಿಗಾಯಿತು. ಎರಡನ್ನೂ ಸೇರಿಸಿ ವಯನಾಡು ಜಿಲ್ಲೆ ಮಾಡಿದ್ದು 1980ರ ನವೆಂಬರ್ 1ರಂದು. ಚುನಾಯಿತ ಸರ್ಕಾರವಾದರೋ ಬಂದ ಒಂದೇ ವಾರದಲ್ಲಿ, 1957ರ ಏಪ್ರಿಲ್ 11ರಂದು, ಗೇಣಿದಾರರನ್ನು ಒಕ್ಕಲೆಬ್ಬಿಸುವುದನ್ನು ತಡೆದು ಸುಗ್ರೀವಾಜ್ಞೆ ಹೊರಡಿಸಿತು. ಮೊದಲು ಮುಟ್ಟಿದ್ದು ಗದ್ದೆಯ ಪ್ರಶ್ನೆಯನ್ನೇ.

ಮತ್ತೆ ಪುಲ್ಪಳ್ಳಿಗೆ ಬರುತ್ತೇನೆ. 1805ರಲ್ಲಿ ತಲಶ್ಶೇರಿಯ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರ್ ವಯನಾಡಿನ ಹೊಣೆ ಹೊತ್ತು ಘಟ್ಟ ಹತ್ತಿದ. ನವೆಂಬರ್ 15ರಂದು ತಲಕ್ಕಲ್ ಚಂದುವನ್ನು ಪನಮರಂನಲ್ಲಿ ಕೊಂದರು; ಅವನ ನೆನಪಿನ ಕೋಳಿ ಮರ ಇದ್ದದ್ದು ಅಲ್ಲೇ. ರಾಜ ಪುಲ್ಪಳ್ಳಿ ಕಾಡಿನಲ್ಲಿದ್ದ. ಅಲ್ಲಿ ಗದ್ದೆಯಿದ್ದ ಒಕ್ಕಲುಗಳು ಚೆಟ್ಟಿಗಳು ಮತ್ತು ಗೌಂಡರು. ರಾಜನ ಅಡಗುತಾಣ ಬಾಯಿಬಿಡದ ಇವರನ್ನು ಬೇಬರ್ ತನ್ನ ವರದಿಯಲ್ಲಿ ನೀಚರು, ಗುಲಾಮ ಬುದ್ಧಿಯವರು ಎಂಬ ಅರ್ಥದಲ್ಲಿ ಹೀಗಳೆಯುತ್ತಾನೆ. ನಾನು ಆ ಕಾಗದವನ್ನು ಓದಿದಾಗಲೆಲ್ಲ ಆ ಬೈಗುಳದ ಹಿಂದೆ ನಿಂತವರನ್ನು ನೆನೆಯುತ್ತೇನೆ. ಒಂದು ಕಡೆ ಕಂಪನಿಯ ಸಿಪಾಯಿ, ಇನ್ನೊಂದು ಕಡೆ ಕಾಡಿನಲ್ಲಿ ಹಸಿದ ರಾಜ, ನಡುವೆ ಬೆಳೆದು ನಿಂತ ಗದ್ದೆ. ಬಾಯಿಬಿಡದೆ ಅವರು ಉಳಿದದ್ದು ನೀಚತನವಲ್ಲ. ಕೊನೆಗೆ ಅವರಲ್ಲೇ ಕೆಲವರಿಂದ ಸುಳಿವು ಹೊರಬಿತ್ತು. ಅವರ ಮೇಲೂ ನನಗೆ ಸಿಟ್ಟಿಲ್ಲ.

ನವೆಂಬರ್ 30. ಸುಮಾರು 50 ಸಿಪಾಯಿಗಳು, ಸ್ಥಳೀಯ ಕಾವಲುಪಡೆಯ 100 ಕೋಲ್ಕಾರರೊಂದಿಗೆ ಬೇಬರ್ ರಾತ್ರಿಯೇ ನಡೆದ. ಮೈಸೂರಿನ ಗಡಿಗೆ ಅಂಟಿಕೊಂಡ ಮಾವಿಲಾಂತೋಡು. ನಾನು ಅಲ್ಲಿಗೆ ಹೋಗಿ ನಿಂತಿದ್ದೇನೆ. ಒಂದು ಸಣ್ಣ ತೋಡು, ಅಷ್ಟೇ. ದಡದಲ್ಲಿ ರಾಜನೂ ಅವನ ಕಡೆಯವರೂ ಸೇರಿ ಸುಮಾರು ಹತ್ತು ಮಂದಿ ಯಾವ ಅನುಮಾನವೂ ಇಲ್ಲದೆ ಇದ್ದರು. ಗುಂಡು ಹಾರಿತು. ಅಡ್ಡ ಬಂದ ಕರುಣಾಕರ ಮೇನೋನನಿಗೆ, ಕಂಪನಿಯ ನೌಕರ ಅವನು, ಹತ್ತಿರ ಬಂದು ನನ್ನನ್ನು ಮುಟ್ಟಬೇಡ ಎಂದು ರಾಜ ಗದರಿದನಂತೆ. ಹೇಳಿದ ಗತ್ತನ್ನು ಬೇಬರನೇ ಮೆಚ್ಚಿ ಬರೆದಿದ್ದಾನೆ.

ರಾಜ ಅಲ್ಲೇ ಸತ್ತ. ಅವನ ಹೆಣವನ್ನು ಬೇಬರ್ ತನ್ನ ಸ್ವಂತ ಪಲ್ಲಕ್ಕಿಯಲ್ಲಿ ಹಾಕಿಸಿದ. ಕಾಯಿಲೆಯಿಂದ ಬಹಳ ಕೃಶಳಾಗಿದ್ದ ರಾಣಿಯನ್ನು ಬೇಬರನ ಜೊತೆ ಬಂದಿದ್ದ ಕ್ಯಾಪ್ಟನ್ ಕ್ಲಾಪ್ಹಾಮನ ಪಲ್ಲಕ್ಕಿಯಲ್ಲಿ ಕೂರಿಸಿದರು. ಮರುದಿನ ಕಾವಲಿನೊಂದಿಗೆ ಹೆಣವನ್ನು ಮಾನಂದವಾಡಿಗೆ ಕಳಿಸಿದರು. ಜೊತೆಗೆ ಹೋದ ಶಿರಸ್ತೇದಾರನಿಗೆ ಬೇಬರ್ ಕೊಟ್ಟ ಆಜ್ಞೆ ಇದು: ಬ್ರಾಹ್ಮಣರನ್ನು ಕೂಡಿಸಿ, ರಾಜನಿಗೆ ಸಲ್ಲುವ ಮರ್ಯಾದೆ ತಪ್ಪದ ಹಾಗೆ ಕ್ರಿಯೆ ನಡೆಸಬೇಕು. ಅಲ್ಲಿಯವರೆಗೆ ಬಂಡುಕೋರ ಎಂದು ಬರೆದ ಕೈಯೇ ಅವತ್ತು ಅರಸನ ಅಂತ್ಯಕ್ರಿಯೆಗೆ ಅಪ್ಪಣೆ ಬರೆಯಿತು. ಡಿಸೆಂಬರ್ 31ರಂದು ಮೇಲಿನವರಿಗೆ ಬರೆದ ಉದ್ದನೆಯ ಕಾಗದದಲ್ಲಿ, ಈ ನಾಡಿನ ಜನ ರಾಜನ ಮೇಲಿಟ್ಟ ಭಕ್ತಿಯನ್ನು ಅವನ ಸಾವೂ ಅಳಿಸಲಾರದು ಎಂದು ಬೇಬರ್ ಒಪ್ಪಿಕೊಂಡ.

ಅವನು ಆ ಕಾಗದ ಬರೆಯುತ್ತಿದ್ದ ಹೊತ್ತಿಗೆ ವಯನಾಡಿನಲ್ಲಿ ಕೊಯ್ಲು ಶುರುವಾಗಿರಬೇಕು.