‘ಗೊತ್ತಿಲ್ಲ’ ಎನ್ನುವ ವಿದ್ಯೆ



ಕನ್ನಡ ಪಾಠ ಹೇಳಿ ನಿವೃತ್ತನಾದವನು ರಸಾಯನಶಾಸ್ತ್ರದ ಮಾತನ್ನು ಎತ್ತಿಕೊಂಡುದೇಕೆಂದು ತಮಗೆ ಅನ್ನಿಸಬಹುದು. ರಸಾಯನವೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ಬಾಳೆಹಣ್ಣು, ಬೆಲ್ಲ, ಕಾಯಿತುರಿ. ಆದರೆ ಜಗಳೂರು ತಾಲ್ಲೂಕಿನ ನಮ್ಮ ಬಿಳಿಚೋಡಿನ ಸುತ್ತಿನ ಮಕ್ಕಳು ಆ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಯೂರೋಪಿನಲ್ಲಿ ಡಾಕ್ಟರೇಟಿಗೆ ಅರ್ಜಿ ಹಾಕುವ ಕಾಲ ಬಂದಿದೆ. ಅರ್ಜಿಯೊಡನೆ, ಈ ಸಂಶೋಧನೆ ನನಗೇಕೆ ಬೇಕು ಎಂದು ಒಂದು ಪುಟ ಬರೆಯಬೇಕು. ಆ ಪುಟ ಹಿಡಿದು ಕೆಲವರು ನನ್ನಲ್ಲಿಗೆ ಬರುತ್ತಾರೆ. ಈ ಭಾಷಣಕ್ಕೆ ಅದೇ ನೆಪ.

ಜೊತೆಯಲ್ಲಿ ಬರುವ ಹಿರಿಯರ ಮೊದಲ ಪ್ರಶ್ನೆ ಒಂದೇ: “ಅಲ್ಲಿ ಓದೋಕೆ ನಾವು ದುಡ್ಡು ಕೊಡಬೇಕೋ, ಅವರೇ ಕೊಡ್ತಾರೋ, ಮೇಷ್ಟ್ರೇ?” ಮಳೆಯನ್ನೂ ಮೆಕ್ಕೆಜೋಳದ ಬೆಲೆಯನ್ನೂ ನೆಚ್ಚಿ ಬದುಕುವವರು ಕೇಳಬೇಕಾದ ಪ್ರಶ್ನೆಯೇ. ಐರೋಪ್ಯ ಒಕ್ಕೂಟವು ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿಯ ಹೆಸರಿನಲ್ಲಿ ಡಾಕ್ಟರೇಟ್ ಜಾಲಗಳನ್ನು ನಡೆಸುತ್ತದೆ. ಕನಿಷ್ಠ 3 ದೇಶಗಳ ಸಂಸ್ಥೆಗಳು ಕೂಡಿ ಒಂದು ವಿಷಯವನ್ನು ಹಂಚಿಕೊಳ್ಳುತ್ತವೆ. ಒಬ್ಬೊಬ್ಬ ವಿದ್ಯಾರ್ಥಿಯ ಪಾಲಿಗೆ ಅದರ ಒಂದೊಂದು ಎಳೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಸೇರುವ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದೆಂಬ ನಿಯಮವುಂಟು; ಹೊರನಾಡು ಕಾಣದ ನಮ್ಮ ಮಕ್ಕಳಿಗೆ ಅದು ತೊಡಕಲ್ಲ. ಆಯ್ಕೆಯಾದವರು ಸಂಬಳದ ಮೇಲೆ ನೇಮಕಗೊಳ್ಳುತ್ತಾರೆ. ನಡುವೆ ಕೆಲವು ತಿಂಗಳು ಜಾಲದ ಬೇರೊಂದು ಪ್ರಯೋಗಾಲಯದಲ್ಲಿ ದುಡಿಯುತ್ತಾರೆ. ಆದರೆ ಈ ಧನಸಹಾಯಕ್ಕೆ ಕಾಲಮಿತಿಯುಂಟು. ಪ್ರಬಂಧ ಮುಗಿಯಲು ಇನ್ನಷ್ಟು ಕಾಲ ಹಿಡಿದರೆ ಆಗಿನ ಸಂಬಳ ಯಾರದೆಂದು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಿಕೊಳ್ಳುವುದು ಜಾಣತನ.

ಎರಡನೆಯ ಪ್ರಶ್ನೆ, ಹೋದವರು ನಮ್ಮವರಾಗಿ ಉಳಿಯುವರೇ ಎಂಬುದು. ಮೇರಿ 1891ರಲ್ಲಿ ವಾರ್ಸಾ ಬಿಟ್ಟು ಪ್ಯಾರಿಸಿಗೆ ಹೋದಳು. ಅವಳ ಊರಿನ ವಿಶ್ವವಿದ್ಯಾನಿಲಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. 1898ರಲ್ಲಿ ಪತಿಯೊಡನೆ ಕಂಡುಹಿಡಿದ ಮೂಲವಸ್ತುವಿಗೆ ತನ್ನ ಪೋಲೆಂಡಿನ ನೆನಪಿಗಾಗಿ ಪೊಲೊನಿಯಂ ಎಂದು ಹೆಸರಿಟ್ಟಳು. ನಮ್ಮವರೇ ಆದ ಸಿ.ಎನ್.ಆರ್. ರಾವ್ 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ಒಬ್ಬರು ಹೆಸರಿನಲ್ಲಿ ನಾಡನ್ನು ಉಳಿಸಿಕೊಂಡರು, ಇನ್ನೊಬ್ಬರು ನಾಡಿಗೇ ಮರಳಿದರು.

ನನಗೆ ಹೆಚ್ಚಿನದಾಗಿ ತೋರುವ ಕಷ್ಟ ಬೇರೆಯದು. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ಒಂದು ಲವಣವನ್ನು ಕೊಟ್ಟು ಇದು ಯಾವುದೆಂದು ಕೇಳುತ್ತಾರೆ. ಉತ್ತರ ಅಧ್ಯಾಪಕರ ಬಳಿ ಮೊದಲೇ ಇರುತ್ತದೆ. ಅದಕ್ಕೆ ಹೊಂದುವಂತೆ ಬರೆದರೆ ಅಂಕ. ಸಂಶೋಧನೆಯಲ್ಲಿ ಉತ್ತರ ಗುರುವಿನ ಬಳಿಯೂ ಇಲ್ಲ. ಅಲ್ಲಿ ಸೇರಿದ ಮೊದಲ ತಿಂಗಳುಗಳಲ್ಲೇ ನಾನಾ ದೇಶದವರ ಮುಂದೆ ನಿಂತು, “ನನ್ನ ಪ್ರಯೋಗ ಫಲಿಸಲಿಲ್ಲ, ಕಾರಣ ಗೊತ್ತಿಲ್ಲ” ಎನ್ನಬೇಕಾಗುತ್ತದೆ. ದಿನಚರಿಯ ಪುಸ್ತಕದಲ್ಲಿ ಕೆಟ್ಟ ಪ್ರಯೋಗವನ್ನೂ ತಾರೀಖು ಹಾಕಿ ಬರೆಯಬೇಕು. ಗೊತ್ತಿಲ್ಲವೆಂದರೆ ಅವಮಾನವೆಂದು ಕಲಿತು ಬೆಳೆದ ಮಕ್ಕಳಿಗೆ ಪರದೇಶದ ಚಳಿಗಿಂತ ಇದೇ ಕಠಿಣ.

ಆ ಒಂದು ಪುಟದಲ್ಲೇ ಈ ಅಂಜಿಕೆ ಕಾಣುತ್ತದೆ. ಕಳೆದ ವರ್ಷ ಬಂದ ಹುಡುಗಿಯೊಬ್ಬಳ ಬರಹದ ತುಂಬ ದೊಡ್ಡ ದೊಡ್ಡ ಇಂಗ್ಲಿಷ್ ಮಾತುಗಳು. ಅವಳು ಮಾತ್ರ ಎಲ್ಲಿಯೂ ಇರಲಿಲ್ಲ. “ಯಾಕಮ್ಮ ನಿನಗೆ ಇದು ಬೇಕು? ಕನ್ನಡದಲ್ಲೇ ಹೇಳು” ಎಂದೆ. ಅವಳು ಊರಿನ ಕೊಳವೆಬಾವಿಯ ಮಾತೆತ್ತಿದಳು. ನಮ್ಮ ಕಡೆಯ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆಯುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮೀರಿದ ನೀರನ್ನು ಕುಡಿದು ಬೆಳೆದವರ ಹಲ್ಲು ಕಂದುಗಟ್ಟುತ್ತದೆ, ಬಹುಕಾಲ ಕುಡಿದರೆ ಮೂಳೆಗೂ ಕೇಡು. “ಆ ಫ್ಲೋರೈಡನ್ನು ಹಿಡಿದಿಡುವ ಅಗ್ಗದ ವಸ್ತು ಬೇಕು ಸರ್. ಹೇಗೆ ಮಾಡೋದು ಅಂತ ನನಗೆ ಗೊತ್ತಿಲ್ಲ” ಎಂದಳು. ಅದನ್ನೇ ಬರೆ ಎಂದೆ. ಬರೆದಳು. ಪುಟ ಅರ್ಧಕ್ಕಿಳಿಯಿತು, ತೂಕ ಇಮ್ಮಡಿಯಾಯಿತು.

ಆಕೆಗೆ ಸ್ಥಾನ ಸಿಕ್ಕೀತೋ ಇಲ್ಲವೋ, ಅದು ಆಯ್ಕೆ ಮಾಡುವವರ ಕೈಯಲ್ಲಿದೆ. ಹೆತ್ತವರಲ್ಲಿ ನನ್ನ ಬಿನ್ನಹವಿಷ್ಟೇ: ಹೋದ ಮಗಳಾಗಲಿ ಮಗನಾಗಲಿ ಫೋನಿನಲ್ಲಿ ಸಿಕ್ಕಾಗ, ಎಷ್ಟು ಉಳಿಸಿದೆ ಎನ್ನುವ ಮೊದಲು ಈ ವಾರ ಏನು ಕಂಡೆ ಎಂದು ಕೇಳಿ. ಏನೂ ಆಗಲಿಲ್ಲವೆಂಬ ಉತ್ತರ ಬಂದರೆ ಗಾಬರಿಯಾಗಬೇಡಿ. ಕೊರೆದ ಕಡೆಯೆಲ್ಲ ನೀರು ಬರುವುದಿಲ್ಲವೆಂಬುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.